ಜೇನುಬಣ್ಣದ ಒಂಟೆ

ಫೆಬ್ರವರಿ ೩

ಹಲ್ಲಿನ ಡಾಕ್ಟರ್ ಇವತ್ತು ತಾನಾಗಿಯೇ ಮನೆಗೆ ಬಂದ. ದಿನವಿಡೀ ಬೇರೆಯವರ ಬಾಯಿ ತೆರೆಸುವವನು ನನ್ನೆದುರು ಕೂತು ತನ್ನ ಬಾಯಿ ತೆರೆಯಲು ಅರ್ಧ ಗಂಟೆ ತೆಗೆದುಕೊಂಡ. ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ.

“ನಿಮ್ಮ ಚದುರಂಗದ ಸೆಟ್ಟಿನ ಮೇಲೆ ನಂಗೆ ಮೊದಲಿಂದ್ಲೂ ಆಸೆ ಸಾರ್. ಈಗ ನನ್ನ ಹತ್ರಾನೂ ಒಂದು ಬಂದಿದೆ. ಫ್ರೆಂಚ್, ಮರದ್ದು, ತುಂಬ ಹಳೇದು ಅಂತ ಹೇಳಿ ಕೊಟ್ಟಿದಾರೆ. ಮೂವತ್ತೆರಡು ಕಾಯಿನೂ ಇದೆ, ಒಂದೂ ಬದಲಿ ಇಲ್ಲ. ನೀವು ಇಟ್ಕೊಂಡು ನೋಡಿ. ಅಸಲಿ ಅಂತ ನಿಮಗೆ ಅನ್ನಿಸಿದ್ರೆ ಅದಲು ಬದಲು ಮಾಡ್ಕೊಳ್ಳೋಣ.”

ಅನ್ನಿಸುವುದಂತೆ! ನನಗೆ ಯಾವುದೂ ಅನ್ನಿಸುವುದಿಲ್ಲ, ಗೊತ್ತಾಗುತ್ತದೆ. ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು ನಾನು. ತಕ್ಕಡಿಯ ತಟ್ಟೆಯಡಿ ಮೇಣ ಅಂಟಿಸಿದ್ದನ್ನೂ ಲೀಟರಿನ ತಳ ಉಬ್ಬಿಸಿದ್ದನ್ನೂ ಅಂಗಡಿಯ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ಕೈತುಂಬ ಕೊಸರು ಹಾಕಿ ಕೊಡುವ ಅಂಗಡಿಗೇ ಮೊದಲು ನುಗ್ಗುತ್ತಿದ್ದೆ. ಕೇಳದೆ ಹೆಚ್ಚು ಕೊಡುವವನ ತೂಕದಲ್ಲಿ ಏನೋ ಐಬು ಇದ್ದೇ ಇರುತ್ತದೆ. ಈ ನಿಯಮ ಒಮ್ಮೆಯೂ ಸುಳ್ಳಾಗಲಿಲ್ಲ.

ಹಳೆಯ ಚದುರಂಗದ ಕಾಯಿ ಕೂಡಿಡುವವರ ನಮ್ಮ ಕೂಟದಲ್ಲಿ ನನ್ನನ್ನು ಬಿಟ್ಟು, ಹಲ್ಲಿನ ಡಾಕ್ಟರೂ ಸೇರಿ, ಹತ್ತೊಂಬತ್ತು ಜನರಿದ್ದಾರೆ. ಹತ್ತೊಂಬತ್ತು ಜನರದ್ದೂ ಸೇರಿಸಿದರೆ ಒಂದು ತಲೆಯಾಗಬಹುದು. ಫ್ರೆಂಚ್ ಕಾಯಿಗಳ ವಿಷಯ ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನು ಅಸಲಿ ಎಂದರೆ ಅಸಲಿ.

ನನ್ನ ಸೆಟ್ಟಿಗಿರುವುದು ಒಂದೇ ಕಳಂಕ. ಅದರ ಒಂದು ಬಿಳಿ ಒಂಟೆ ಬದಲಿಯದು. ಮೂವತ್ತು ವರ್ಷದ ಹಿಂದೆ ನನ್ನ ಭಾವಮೈದ ಅದನ್ನು ತನ್ನ ಲೇತಿನಲ್ಲಿ ಕಡೆದು, ಹುಟ್ಟುಹಬ್ಬದ ದಿನ ಹಲ್ಲು ಕಿರಿಯುತ್ತಾ ನನ್ನ ಕೈಗಿತ್ತ. ಅವನ ಕಸುಬು ಮಂಚದ ಕಾಲು ಕಡೆಯುವುದು. ನಾನು ಅವನನ್ನು ಕರೆಯುವುದೂ ಮಂಚದಕಾಲು ಎಂದೇ, ಅವನ ಬೆನ್ನ ಹಿಂದೆ. ಆ ಒಂಟೆಯಿಂದಾಗಿ ನನ್ನ ಕಪಾಟಿನ ಚೀಟಿಯಲ್ಲಿ ‘ಸಂಪೂರ್ಣ’ ಎಂಬ ಪದ ಬರೆಯಲು ಇಷ್ಟು ವರ್ಷ ಆಗಲಿಲ್ಲ. ಈಗ ಆಗಬಹುದು.

ಫೆಬ್ರವರಿ ೫

ಬೆಳಗಿನ ಬಿಸಿಲಲ್ಲಿ ಕಿಟಕಿಯ ಬಳಿ ಇಟ್ಟು ನೋಡಿದೆ. ಎರಡು ಸೆಟ್ಟೂ ಒಂದೇ ಮಾದರಿಯವು, ಎತ್ತರವೂ ಹೆಚ್ಚುಕಡಿಮೆ ಒಂದೇ. ರಾಜನ ತಲೆಯ ಮೇಲೆ ಶಿಲುಬೆಯಿಲ್ಲ, ಒಂಟೆಯ ತಲೆಯಲ್ಲಿ ಸೀಳಿಲ್ಲ. ಎಲ್ಲಕ್ಕೂ ಕಡೆದ ತೆಳ್ಳನೆಯ ಕತ್ತು, ಕತ್ತಿಗೆ ಬಳೆ, ಮೇಲೊಂದು ಗುಂಡು. ಕೆತ್ತಿದ ಮುಖವಿರುವುದು ಕುದುರೆಗೆ ಮಾತ್ರ. ನಾವು ಒಂಟೆ ಎನ್ನುವ ಕಾಯಿಯನ್ನು ಫ್ರೆಂಚರು ವಿದೂಷಕ ಎನ್ನುತ್ತಾರೆ. ನಮ್ಮ ಕಾರ್ಯದರ್ಶಿ ಈಗಲೂ ಒಂಟೆಯನ್ನೂ ಕಾಲಾಳನ್ನೂ ಅಕ್ಕಪಕ್ಕ ಇಟ್ಟುಕೊಂಡು ತಲೆ ಕೆರೆಯುತ್ತಾನೆ.

ಆದರೆ ಮುಖ್ಯವಾದದ್ದು ಬಣ್ಣ. ಬಿಳಿ ಕಾಯಿಗಳ ಮರ ಬಾಕ್ಸ್‌ವುಡ್. ಹೊಸದರಲ್ಲಿ ಅದು ರೋಗಿಯ ಹಾಗೆ ಬಿಳಿಚಿಕೊಂಡಿರುತ್ತದೆ. ನೂರು ವರ್ಷ ಕೈಯಾಡಿದ ಮೇಲೆ ಜೇನಿನ ಬಣ್ಣ ಬರುತ್ತದೆ. ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹಳತು ಮಾಡುವ ಕಳ್ಳರಿದ್ದಾರೆ, ಆದರೆ ಆ ಬಣ್ಣ ಬಳೆಗಳ ಸಂದಿಯಲ್ಲಿ ಕಪ್ಪಾಗಿ ನಿಲ್ಲುತ್ತದೆ. ಇದರಲ್ಲಿ ಹಾಗಿಲ್ಲ. ಬುಡದಿಂದ ತಲೆಯವರೆಗೆ ಒಂದೇ ಸಮನಾದ ಜೇನು. ಇಷ್ಟು ಒಳ್ಳೆಯ ಜೇನುಬಣ್ಣ ನಾನು ಹಿಂದೆ ನೋಡಿರಲಿಲ್ಲ. ಇತ್ತೀಚೆಗೆ ನನಗೆ ಸಿಗುವ ಕಾಯಿಗಳೆಲ್ಲ ಹೀಗೇ ಇರುತ್ತವೆ. ಕಣ್ಣು ಪಳಗಿದೆ.

ಕೊನೆಗೆ ಬುಡದ ಅಳತೆ. ಮರ ಒಣಗುವಾಗ ಒಂದು ಅಡ್ಡಕ್ಕೆ ಹೆಚ್ಚು ಕುಗ್ಗುತ್ತದೆ, ಇನ್ನೊಂದು ಅಡ್ಡಕ್ಕೆ ಕಡಿಮೆ. ಹಾಗಾಗಿ ಗುಂಡಗೆ ಕಡೆದ ಬುಡ ನೂರು ವರ್ಷದಲ್ಲಿ ಒಂಚೂರು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಈ ಪರೀಕ್ಷೆಯನ್ನು ಕೂಟಕ್ಕೆ ಕಲಿಸಿದವನೇ ನಾನು. ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ಅಳೆಯುವ ನನ್ನ ಕ್ಯಾಲಿಪರಿನ ಗೀಟುಗಳು ಸವೆದಿರುವುದರಿಂದ ಓದಲು ನನ್ನಾಕೆಯನ್ನು ಕರೆದೆ.

“ಇಪ್ಪತ್ತೆಂಟು ಪಾಯಿಂಟ್ ನಾಲ್ಕು,” ಅಂದಳು.

“ಈಗ ಅಡ್ಡ ತಿರುಗಿಸಿ ಹಿಡಿ.”

“ಇಪ್ಪತ್ತೆಂಟು ಪಾಯಿಂಟ್ ನಾಲ್ಕು.”

ಇನ್ನೊಂದು ಕಾಯಿ ಕೊಟ್ಟೆ. ಅದೂ ಎರಡೂ ಕಡೆ ಒಂದೇ. ಐದು ಕಾಯಿ ಕೊಟ್ಟೆ, ಐದೂ ಬಳೆಯ ಹಾಗೆ ದುಂಡಗೆ. ಮೂವತ್ತು ವರ್ಷ ಕುತ್ತಿಗೆಗೆ ಟೇಪು ಹಾಕಿಕೊಂಡು ಬಟ್ಟೆ ಹೊಲಿದವಳು, ಒಂದು ಕ್ಯಾಲಿಪರ್ ಓದಲು ಬರುವುದಿಲ್ಲ!

“ನಿನ್ನ ಟೇಪಿನ ಹಾಗಲ್ಲ ಇದು. ಗೀಟು ಗೀಟು ಕೂಡೋ ಜಾಗ ನೋಡ್ಬೇಕು,” ಅಂದೆ.

“ನೋಡ್ದೆ ರೀ. ಎರಡೂ ಕಡೆ ಒಂದೇ ಇದೆ.”

“ನಿಂಗೆ ಓದೋಕೆ ಬರಲ್ಲ. ಬಿಡು.”

ಕ್ಯಾಲಿಪರನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಅದನ್ನೂ ಅನ್ನಲಿಲ್ಲ.

ಫೆಬ್ರವರಿ ೯

ಗೋಡೆಗೆ ಬಿಳಿ ಬಳಿ ಎಂದರೆ ಬಣ್ಣದವನು ಬೆಣ್ಣೆಯ ಬಣ್ಣ ಬಳಿದು ಕೈಕಟ್ಟಿ ನಿಂತಿದ್ದಾನೆ. ಎರಡನೆಯ ಸಲ. ಡಬ್ಬಿ ತಂದು ತೋರಿಸಿದ, ಡಬ್ಬಿಯ ಮೇಲೆ ಬಿಳಿ ಎಂದೇ ಇದೆಯಂತೆ. ಡಬ್ಬಿಯ ಮೇಲೆ ಬರೆದದ್ದನ್ನು ನಂಬುವವನಾಗಿದ್ದರೆ ಮೂವತ್ತನಾಲ್ಕು ವರ್ಷ ಸಂಬಳ ಯಾಕೆ ತೆಗೆದುಕೊಳ್ಳುತ್ತಿದ್ದೆ? ಮತ್ತೊಮ್ಮೆ ಬಳಿಯಲು ಹೇಳಿದೆ. ನನ್ನಾಕೆ ಅವನಿಗೆ ಹಿಂದಿನ ಬಾಗಿಲಲ್ಲಿ ಏನೋ ಪಿಸುಗುಟ್ಟಿದಳು. ಅವನು ನನ್ನ ಕಡೆ ನೋಡಿ ತಲೆಯಾಡಿಸಿದ. ಇಸ್ತ್ರಿಯವನದ್ದೂ ಇದೇ ಕಥೆ, ಅಂಗಿಗಳೆಲ್ಲ ಹಳದಿ. ಯಾರಿಗೂ ಕಸುಬಿನ ಮೇಲೆ ನಿಗಾ ಇಲ್ಲ.

ಫೆಬ್ರವರಿ ೧೨

ಮಂಚದಕಾಲು ಬಂದಿದ್ದ. ಇವಳೇ ಕರೆಸಿರಬೇಕು. ಕೂದಲು, ಹುಬ್ಬು, ಕಿವಿ ಎಲ್ಲದರಲ್ಲೂ ಮರದ ಹೊಟ್ಟು. ಕೇಳದೆಯೇ ಹೊಸ ಸೆಟ್ಟಿನ ರಾಜನನ್ನು ಎತ್ತಿ ಮೂಗಿಗೆ ಹಿಡಿದ.

“ಭಾವ, ತಪ್ಪು ತಿಳ್ಕೋಬೇಡಿ. ಇದು ಹೊಸ ಮರ. ಕಡೆದು ಐದಾರು ವರ್ಷ ಆಗಿರಬಹುದು ಅಷ್ಟೆ. ಇನ್ನೂ ವಾಸನೆ ಹೋಗಿಲ್ಲ ನೋಡಿ.”

“ನೀನು ಮಂಚ ಮೂಸ್ಕೊಂಡಿರು,” ಅಂದೆ. “ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ.”

ಅವನು ನಕ್ಕ. ಅವನಿಗೆ ಬೈದರೂ ನಗುತ್ತಾನೆ, ಹೊಗಳಿದರೆ ಏನು ಮಾಡುತ್ತಾನೋ ಗೊತ್ತಿಲ್ಲ, ನಾನು ಹೊಗಳಿ ನೋಡಿಲ್ಲ. ರಾಜನನ್ನು ಕೆಳಗಿಟ್ಟು ಕಪಾಟಿನ ಹತ್ತಿರ ಹೋಗಿ ನನ್ನ ಹಳೆಯ ಸೆಟ್ಟಿನ ಮುಂದೆ ತುಂಬ ಹೊತ್ತು ನಿಂತ. “ಇದನ್ನ ಕೊಡಬೇಡಿ ಭಾವ,” ಅಂದ. ತನ್ನ ಒಂಟೆ ಇರುವ ಸೆಟ್ಟು ಕೈಬಿಟ್ಟು ಹೋಗುತ್ತದಲ್ಲ ಎಂಬ ಹೊಟ್ಟೆಯುರಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಫೆಬ್ರವರಿ ೧೩

ಓದುವ ದೀಪದ ಬಲ್ಬು ಬದಲಿಸಿದೆ. ಈ ತಿಂಗಳಲ್ಲಿ ಮೂರನೆಯದು. ಬೆಳಕಿಗಿಂತ ಮಂಜೇ ಹೆಚ್ಚು. ಈ ದಿನಚರಿಯ ಪುಸ್ತಕದ ಗೆರೆಗಳನ್ನೂ ಪುಣ್ಯಾತ್ಮರು ಇದ್ದೂ ಇಲ್ಲದ ಹಾಗೆ ಅಚ್ಚು ಹಾಕಿದ್ದಾರೆ.

ಫೆಬ್ರವರಿ ೧೮

ಟೀ ಬಗ್ಗಿಸುವಾಗ ಲೋಟದ ಪಕ್ಕಕ್ಕೆ ಬಿತ್ತು. ಇವಳಿಗೆ ಅಷ್ಟೇ ಸಾಕಾಯಿತು.

“ಕಣ್ಣಿನ ಡಾಕ್ಟರ ಹತ್ರ ಒಂದ್ಸಲ ಹೋಗಿ ಬರೋಣ ರೀ.”

“ಯಾರಿಗೆ ಏನಾಗಿದೆ?”

“ಮೊನ್ನೆ ಬೀದೀಲಿ ನಿಮ್ಮ ಅಕ್ಕ ಕೈ ಬೀಸಿದ್ರೆ ಮುಖ ತಿರುಗಿಸ್ಕೊಂಡು ಬಂದ್ರಂತೆ. ಫೋನ್ ಮಾಡಿ ಅತ್ತರು.”

ನಾನು ಅವಳನ್ನು ನೋಡಲೇ ಇಲ್ಲ. ಇರಲಿ, ಅಕ್ಕ ಯಾವುದಕ್ಕೆ ಅಳುವುದಿಲ್ಲ? ಕಣ್ಣಿನ ಡಾಕ್ಟರುಗಳು ಕನ್ನಡಕದ ಅಂಗಡಿಯವರ ತಮ್ಮಂದಿರು. ಅಲ್ಲಿಗೆ ಹೋದವರು ಯಾರೂ ಬರಿಗೈಯಲ್ಲಿ ಬಂದದ್ದಿಲ್ಲ.

ಬರೆಯುತ್ತಿರುವುದು ನನಗೊಬ್ಬನಿಗೇ ಆದ್ದರಿಂದ ಇದನ್ನೂ ಬರೆಯುತ್ತೇನೆ. ಸಂಜೆ ಒಂದು ಕಣ್ಣು ಮುಚ್ಚಿ ಗಡಿಯಾರ ನೋಡಿದೆ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದೆ. ಮುಳ್ಳು ಎಲ್ಲಿದೆ ಎಂದು ಎರಡು ಸಲವೂ ತಿಳಿಯಲಿಲ್ಲ. ಹೆದರಿಕೆಯಾಯಿತು. ಗಡಿಯಾರದ ಗಾಜು ಒರೆಸಲು ಹೇಳಿದೆ.

ಫೆಬ್ರವರಿ ೨೪

ಅದಲು ಬದಲು ಮುಗಿಯಿತು.

ಹಲ್ಲಿನ ಡಾಕ್ಟರ್ ನಾಲ್ಕು ಗಂಟೆಗೆ ಬರುವವನಿದ್ದ. ಹಳೆಯ ಸೆಟ್ಟನ್ನು ಕಟ್ಟಿಡು ಎಂದು ಇವಳಿಗೆ ಹೇಳಿದೆ. ಬಾಗಿಲಲ್ಲಿ ನಿಂತುಬಿಟ್ಟಳು.

“ನಿಜವಾಗ್ಲೂ ಕೊಟ್ಟುಬಿಡ್ತೀರಾ? ಮದುವೆಯಾದ ವರ್ಷ ಸಿಕ್ಕಿದ್ದು ಅದು.”

ಸಿಕ್ಕಿದ್ದು ಹೌದು. ಮುಚ್ಚಿದ ಹೋಟೆಲೊಂದರ ಸಾಮಾನು ಹರಾಜಿಗಿಟ್ಟಿದ್ದರು. ನಾನು ಒಂದು ಗೋಡೆ ಗಡಿಯಾರದ ಹಿಂದೆ ಬಿದ್ದಿದ್ದೆ. ಇವಳು ಹೊಲಿಗೆ ಸಾಮಾನಿನ ಡಬ್ಬಿಯೊಂದನ್ನು ಕೆದಕುತ್ತಾ, “ಇಲ್ಲಿ ನೋಡಿ, ಬಟನ್ ಕೆಳಗೆ ಏನೋ ಬೊಂಬೆ ಇವೆ,” ಎಂದು ಕರೆದಳು. ಡಬ್ಬಿ ಕೆದಕಿದವಳು ಅವಳೇ ಇರಬಹುದು, ಆದರೆ ಅವು ಏನೆಂದು ಗುರುತಿಸಿದವನು ನಾನು. ಮೂವತ್ತೊಂದು ಕಾಯಿ, ಒಂದು ಒಂಟೆ ಇಲ್ಲ, ಒಂದು ಕುದುರೆಯ ಎಡಗಿವಿ ಮುರಿದಿತ್ತು. ಆ ವರ್ಷವೆಲ್ಲ ಒಂಟೆಯ ಜಾಗದಲ್ಲಿ ನೂಲಿನ ಉಂಡೆ ಇಟ್ಟು ಆಡುತ್ತಿದ್ದೆವು. ಅವಳು ಆಗ ಚೆನ್ನಾಗಿ ಆಡುತ್ತಿದ್ದಳು. ಯಾವಾಗ ನಿಲ್ಲಿಸಿದೆವೋ ನೆನಪಿಲ್ಲ. ಕಪಾಟಿಗೆ ಗಾಜು ಹಾಕಿಸಿದ ಮೇಲಿರಬೇಕು.

“ಅದು ಕುಂಟು ಸೆಟ್ಟು. ಕಟ್ಟು,” ಅಂದೆ.

ಎರಡು ಸೆಟ್ಟನ್ನೂ ಒಳಗೆ ತೆಗೆದುಕೊಂಡು ಹೋಗಿ, ಹೊಸದರ ಧೂಳು ಒರೆಸಿ ಕಪಾಟಿನಲ್ಲಿ ಜೋಡಿಸಿದಳು. ಹಳೆಯದನ್ನು ಕಾಗದದಲ್ಲಿ ಸುತ್ತಿ ಆ ರಟ್ಟಿನ ಪೆಟ್ಟಿಗೆಗೆ ತುಂಬಿದಳು. ಮೂವತ್ತೆರಡು ಕಾಯಿಗೆ ಒಂದು ಗಂಟೆ! ಅವನು ಬಂದಾಗ ಪೆಟ್ಟಿಗೆಯನ್ನು ತಾನೇ ಗೇಟಿನವರೆಗೆ ಹೊತ್ತುಕೊಂಡು ಹೋಗಿ ಅವನ ಜೊತೆ ಹತ್ತು ನಿಮಿಷ ಮಾತಾಡುತ್ತಾ ನಿಂತಳು. ಹಲ್ಲುನೋವಿರಬೇಕು. ನನ್ನ ಹತ್ತಿರ ಹೇಳುವುದಿಲ್ಲ.

ಫೆಬ್ರವರಿ ೨೫

ಹೊಸ ಸೆಟ್ಟಿನ ಮುಂದೆ ಬೆಳಗಿನಿಂದ ಕೂತಿದ್ದೇನೆ. ಇವಳಿಗೆ ಇನ್ನೊಂದು ಅವಕಾಶ ಕೊಡೋಣವೆಂದು ಕ್ಯಾಲಿಪರ್ ಕೊಟ್ಟೆ.

“ಇಪ್ಪತ್ತೆಂಟು ಪಾಯಿಂಟ್ ಆರು,” ಅಂದಳು. ತಿರುಗಿಸಿದಳು. “ಇಪ್ಪತ್ತೆಂಟು.”

ನಾಲ್ಕು ಕಾಯಿ ಅಳೆಸಿದೆ. ನಾಲ್ಕೂ ಮೊಟ್ಟೆಯಾಕಾರ, ಪುಸ್ತಕದಲ್ಲಿ ಬರೆದ ಹಾಗೆ.

“ನೋಡಿದ್ಯಾ? ಗಮನ ಇಟ್ರೆ ಓದೋಕೆ ಬರುತ್ತೆ,” ಅಂದೆ.

“ಹೌದು ರೀ, ಬರುತ್ತೆ,” ಅಂದಳು. ಹೇಳಿಕೊಟ್ಟರೆ ಕಲಿಯುತ್ತಾಳೆ, ಅಷ್ಟರಮಟ್ಟಿಗೆ ಪರವಾಗಿಲ್ಲ.

ಮಾರ್ಚ್ ೪

ಅಸಲಿ ಕೆಲಸದ ಗುಣವೇ ಬೇರೆ. ಈ ಕಾಯಿಗಳನ್ನು ಮುಟ್ಟಿದರೆ ಎಷ್ಟೋ ವರ್ಷದಿಂದ ಮುಟ್ಟಿದ ಹಾಗಿದೆ. ಹಳೆಯ ಸೆಟ್ಟು ಎಂದೂ ಹೀಗೆ ಕೈಗೆ ಒಗ್ಗಿರಲಿಲ್ಲ. ಇದರಲ್ಲೂ ಒಂದು ಕುದುರೆಯ ಕಿವಿ ಮೊಂಡಾಗಿದೆ, ಮೊದಲ ದಿನ ಗಮನಿಸಿರಲಿಲ್ಲ. ತಪ್ಪೇನಿಲ್ಲ, ಹಳೆಯ ಸೆಟ್ಟುಗಳಲ್ಲಿ ಮೊದಲು ಮುರಿಯುವುದೇ ಕುದುರೆಯ ಕಿವಿ. ಒಂಟೆಗಳಂತೂ ನಾಲ್ಕಕ್ಕೆ ನಾಲ್ಕೂ ಒಂದೇ ಕೈಯ ಕೆಲಸ. ಮಂಚದಕಾಲು ಬಂದು ನೋಡಿ ಕಲಿಯಬೇಕು.

ಚೀಟಿ ಬರೆದೆ: ‘ಫ್ರೆಂಚ್. ಬಾಕ್ಸ್‌ವುಡ್. ಸಂಪೂರ್ಣ. ಮೂವತ್ತೆರಡೂ ಮೂಲ ಕಾಯಿಗಳು, ಒಂದೂ ಬದಲಿಯಿಲ್ಲ.’

ಮಾರ್ಚ್ ೧೫

ಕೂಟದಲ್ಲಿ ನನ್ನ ಉಪನ್ಯಾಸ. ಸೆಟ್ಟನ್ನು ಮೇಜಿನ ಮೇಲೆ ಜೋಡಿಸಿ, ಚೀಟಿ ನಿಲ್ಲಿಸಿ, ಐವತ್ತು ನಿಮಿಷ ಮಾತಾಡಿದೆ. ನನ್ನ ಹಿಂದಿನ ಸೆಟ್ಟಿಗೂ ಇದಕ್ಕೂ ಇರುವ ಅಂತರವನ್ನು ಕಾಯಿ ಕಾಯಿ ಎತ್ತಿ ತೋರಿಸಿದೆ. ಒಂದು ಬಿಳಿ ಒಂಟೆಯನ್ನು ಎಲ್ಲರ ಕೈಗೂ ಕೊಟ್ಟು, “ನಿಜವಾದ ಕುಶಲಕರ್ಮಿಯ ಕೈ ಅಂದರೆ ಇದು, ಮಂಚದ ಕಾಲಲ್ಲ,” ಎಂದೆ. ನಗುತ್ತಾರೆಂದುಕೊಂಡಿದ್ದೆ, ಯಾರೂ ನಗಲಿಲ್ಲ. ಒಂಟೆ ಹತ್ತೊಂಬತ್ತು ಕೈ ದಾಟಿ ವಾಪಸ್ಸು ಬಂತು. ಹಲ್ಲಿನ ಡಾಕ್ಟರ್ ಮೊದಲ ಸಾಲಿನಲ್ಲೇ ಇದ್ದ, ಅದನ್ನು ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ಇಟ್ಟುಕೊಂಡ.

“ಪ್ರಶ್ನೆಗಳಿವೆಯೇ?” ಎಂದೆ. ಒಬ್ಬನೂ ಬಾಯಿ ಬಿಡಲಿಲ್ಲ. ಕಾರ್ಯದರ್ಶಿ ಕೆಮ್ಮಿದ. ಆಮೇಲೆ ಚಪ್ಪಾಳೆ ತಟ್ಟಿದರು, ಬಹಳ ಹೊತ್ತು ತಟ್ಟಿದರು. ಹತ್ತೊಂಬತ್ತು ಜನರಲ್ಲಿ ಒಬ್ಬನಿಗೂ ಒಂದು ಪ್ರಶ್ನೆ ಹುಟ್ಟಲಿಲ್ಲ! ಕೋಣನ ಮುಂದೆ ಕಿನ್ನರಿ ಬಾರಿಸಿ ಬಂದೆ.

ಮಾರ್ಚ್ ೨೧

ಬಿದ್ದೆ. ಮೆಟ್ಟಿಲು ಮುಗಿಯಿತೆಂದು ಕಾಲಿಟ್ಟರೆ ಇನ್ನೊಂದಿತ್ತು. ಕೈ ಉಳುಕಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮಂಚದಕಾಲು ಎತ್ತಿ ಒಳಗೆ ತಂದ. ಮೈಯೆಲ್ಲ ಹೊಟ್ಟು ಮಾಡಿದ.

ಮಾರ್ಚ್ ೨೪

ಅವನು ಹೇಳದೆ ಕೇಳದೆ ಮೆಟ್ಟಿಲಿಗೆ ಮರದ ಕಟಕಟೆ ಹಾಕಿದ್ದಾನೆ. ಕೊನೆಯ ಮೆಟ್ಟಿಲು ಬರುವ ಜಾಗದಲ್ಲಿ ಹಿಡಿಗೆ ಒಂದು ಗುಂಡು ಕಡೆದಿದ್ದಾನೆ. ಕೈ ಆ ಗುಂಡಿಗೆ ತಾಗಿದರೆ ಮೆಟ್ಟಿಲು ಮುಗಿಯಿತು ಎಂದು ಅರ್ಥ. ನನ್ನನ್ನು ಕುರುಡ ಅಂದುಕೊಂಡಿದ್ದಾನೆ. ಗುಂಡು ಕೈಗೆ ಸರಿಯಾಗಿ ಕೂರುತ್ತದೆ, ಅದು ಬೇರೆ ಮಾತು.

ಏಪ್ರಿಲ್ ೬

ಇವಳೂ ಮಂಚದಕಾಲೂ ಸೇರಿ ನನ್ನನ್ನು ಕಣ್ಣಿನ ಡಾಕ್ಟರ ಮುಂದೆ ಕೂರಿಸಿದರು. ಡಾಕ್ಟರು ಹೆಂಗಸು, ನನ್ನ ಮಗಳ ವಯಸ್ಸಿನವಳು. ಗಲ್ಲ ಇಡಿ, ಮೇಲೆ ನೋಡಿ, ಕೆಳಗೆ ನೋಡಿ ಎಂದು ಡ್ರಿಲ್ ಮಾಡಿಸಿದಳು.

“ಎರಡು ಕಣ್ಣಿಗೂ ಪೊರೆ ಬಂದಿದೆ ಅಂಕಲ್. ನಾಲ್ಕೈದು ವರ್ಷದ್ದು, ಚೆನ್ನಾಗಿ ಬಲಿತಿದೆ. ಹಳದಿ ಗಾಜಿನ ಹಿಂದೆ ನಿಂತು ನೋಡಿದ ಹಾಗೆ ಕಾಣಿಸ್ತಿರಬೇಕಲ್ಲ ನಿಮಗೆ?”

ಅಂಕಲ್ ಅಂತೆ. ನನಗೆ ಹಾಗೇನೂ ಕಾಣಿಸುತ್ತಿಲ್ಲ ಎಂದೆ. ನನ್ನಾಕೆ ನನ್ನ ತೋಳಿನ ಮೇಲೆ ಕೈಯಿಟ್ಟಳು. ನಾನು ತೆಗೆಯಲಿಲ್ಲ.

ಹಳದಿ ಗಾಜು ಎಂಬ ಮಾತು ಮನೆಗೆ ಬಂದರೂ ತಲೆಯಿಂದ ಹೋಗುತ್ತಿಲ್ಲ.

ಏಪ್ರಿಲ್ ೧೪

ಇವತ್ತು ಬಲಗಣ್ಣು. ಎಡಗಣ್ಣು ಮುಂದಿನ ತಿಂಗಳಂತೆ. ಹೊರಗೆ ಬಂದಾಗ ಮಂಚದಕಾಲು ಬೆಂಚಿನ ಮೇಲೆ ಕೂತಿದ್ದ. ಬೆಳಗಿನಿಂದ ಅಲ್ಲೇ ಇದ್ದನಂತೆ. ಅಂಗಡಿ ಮುಚ್ಚಿ ಬಂದಿದ್ದಾನೆ, ದಡ್ಡ.

ಏಪ್ರಿಲ್ ೧೫

ಪಟ್ಟಿ ಬಿಚ್ಚಿದರು.

ಗೋಡೆ ಬಿಳಿ. ಕಣ್ಣು ಚುಚ್ಚುವಷ್ಟು, ನೀಲಿಗೆ ತಿರುಗುವಷ್ಟು ಬಿಳಿ. ನನ್ನ ಅಂಗಿಗಳು ಬಿಳಿ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರೆ ಗೋಡೆ ಬೆಣ್ಣೆ, ಎಡಗಣ್ಣು ಮುಚ್ಚಿದರೆ ಸುಣ್ಣ. ಹತ್ತು ಸಲ ಮುಚ್ಚಿ ತೆರೆದು ನೋಡಿದೆ. ಬಣ್ಣದವನಿಂದ ಅದೇ ಬಿಳಿಯ ಮೇಲೆ ಮೂರು ಸಲ ಬಿಳಿ ಬಳಿಸಿದ್ದೇನೆ.

ನನ್ನಾಕೆಯ ಕೂದಲೂ ಪೂರ್ತಿ ಬಿಳಿಯಾಗಿದೆ. ಯಾವಾಗ ಆಯಿತು ಎಂದು ಕೇಳಿದೆ. “ಆಗಿ ನಾಲ್ಕು ವರ್ಷ ಆಯ್ತು ರೀ,” ಅಂದಳು. ಅವಳ ಕಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆಯಿದೆ. ಅದು ನನಗೆ ಮರೆತೇಹೋಗಿತ್ತು.

ಕಪಾಟಿನ ಕಡೆ ಹೋಗಲಿಲ್ಲ. ಧೈರ್ಯ ಬರಲಿಲ್ಲ.

ಏಪ್ರಿಲ್ ೧೬

ಹೋದೆ. ಸೆಟ್ಟನ್ನು ಕಿಟಕಿಗೆ ತಂದು ಎಡಗಣ್ಣು ಮುಚ್ಚಿದೆ. ಜೇನುಬಣ್ಣ! ಹೊಸ ಕಣ್ಣಿಗೂ ಜೇನುಬಣ್ಣವೇ! ಕೂಗಿಯೇಬಿಟ್ಟೆ. ಪೊರೆ ಬಂದ ಕಣ್ಣಿನಲ್ಲೂ ನಾನು ತಪ್ಪಿರಲಿಲ್ಲ. ಇವಳನ್ನು ಕರೆದು, ನೋಡು, ನಿನ್ನ ತಮ್ಮ ಮೂಸಿ ಏನಂದಿದ್ದ, ಅವನನ್ನೂ ಕರೆಸು ಎಂದೆ. ಇವಳು ಕುರ್ಚಿ ಎಳೆದು ಎದುರಿಗೆ ಕೂತಳು.

ಆಮೇಲೆ ಕುದುರೆ ಕಣ್ಣಿಗೆ ಬಿತ್ತು. ಎಡಗಿವಿ ಮುರಿದ ಕುದುರೆ. ಮುರಿದ ಜಾಗದಲ್ಲಿ ಅರ್ಧಚಂದ್ರದ ಹಾಗೆ ಒಂದು ಗುರುತಿದೆ, ಅದನ್ನು ನಾನು ಮೂವತ್ತೆರಡು ವರ್ಷ ನೋಡಿದ್ದೇನೆ. ಬಿಳಿ ಒಂಟೆಗಳೆರಡನ್ನೂ ಎತ್ತಿದೆ. ಒಂದರ ಕತ್ತಿನ ಬಳೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದಪ್ಪ. ಈ ಬಳೆಯನ್ನು ನಾನು ಎಷ್ಟು ಸಲ ಆಡಿಕೊಂಡಿಲ್ಲ!

“ಇದು ನಮ್ಮದು,” ಅಂದೆ.

“ಹೌದು.”

“ಹಲ್ಲಿನ ಡಾಕ್ಟರದ್ದು?”

“ಅವರದ್ದನ್ನ ಅವರಿಗೇ ಕಟ್ಟಿ ಕೊಟ್ಟೆ. ಗೇಟಿನ ಹತ್ರ ಎಲ್ಲಾ ಹೇಳ್ದೆ. ಕಣ್ಣು ಸರಿಹೋಗೋವರೆಗೂ ಏನೂ ಅನ್ಬೇಡಿ ಅಂತ ಕೇಳ್ಕೊಂಡೆ.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳ್ದೆನಲ್ಲ ರೀ. ಐದು ಕಾಯಿ ಅಳೆದು ಹೇಳ್ದೆ. ನಿಂಗೆ ಓದೋಕೆ ಬರಲ್ಲ ಅಂದ್ರಿ.”

ಕೋಪದಿಂದ ಹೇಳಲಿಲ್ಲ. ಹಾಲು ತರಲಿಲ್ಲ ಎನ್ನುವ ಹಾಗೆ ಹೇಳಿದಳು.

ಏಪ್ರಿಲ್ ೧೭

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ರೋಗಿಗಳು ಕೂರುವ ಜಾಗದಲ್ಲಿ ಗಾಜಿನ ಡಬ್ಬದೊಳಗೆ ಆ ಸೆಟ್ಟು ನಿಂತಿದೆ. ಐಸ್‌ಕ್ರೀಮ್ ಕಡ್ಡಿಯ ಬಣ್ಣ. ದವಡೆ ಹಿಡಿದುಕೊಂಡು ಕೂತಿದ್ದ ರೋಗಿಯೂ ಹೇಳಿಯಾನು ಅದು ಹೊಸದೆಂದು.

“ನಾನೂ ಮೋಸ ಹೋಗಿದ್ದೆ ಸಾರ್. ನಂಗೇನು ಗೊತ್ತಾಗುತ್ತೆ? ನಿಮ್ಮ ಮನೆಯವರು ಹೇಳಿದ ಮೇಲೇ ಗೊತ್ತಾಗಿದ್ದು,” ಅಂದ.

“ಉಪನ್ಯಾಸದ ದಿನ?”

ಅವನು ಕೈಗವಸು ಬಿಚ್ಚಿ, ಮಡಿಸಿ, ಮತ್ತೆ ಬಿಚ್ಚಿದ. “ಎಲ್ಲರಿಗೂ ಗೊತ್ತಾಯ್ತು ಸಾರ್. ಇಪ್ಪತ್ತು ವರ್ಷದಿಂದ ನೋಡಿದ ಸೆಟ್ಟಲ್ವಾ. ಆ ದಪ್ಪ ಬಳೆಯ ಒಂಟೆ ಕೈಗೆ ಬರ್ತಿದ್ದ ಹಾಗೇ ಗೊತ್ತಾಗಿಬಿಡ್ತು.”

ಮನೆಗೆ ನಡೆದೇ ಬಂದೆ. ಬಂದು ಈ ಪುಸ್ತಕ ತಿರುವಿ ಹಾಕಿದೆ. ಫೆಬ್ರವರಿಯಿಂದ ಸಾಲುಗಳು ಒಂದರ ಮೇಲೊಂದು ಹತ್ತಿವೆ, ಕೆಲವು ಪುಟ ದಾಟಿ ಮೇಜಿನ ಮೇಲೂ ಹೋಗಿರಬೇಕು. ಮಾರ್ಚ್ ಹದಿನೈದರದ್ದನ್ನು ಕಷ್ಟಪಟ್ಟು ಓದಿದೆ. ಒಬ್ಬನಿಗೂ ಒಂದು ಪ್ರಶ್ನೆ ಹುಟ್ಟಲಿಲ್ಲ ಎಂದು ಬರೆದಿದ್ದೇನೆ.

ಏಪ್ರಿಲ್ ೧೯

ಎರಡು ದಿನದಿಂದ ಒಂದೇ ಯೋಚನೆ. ಹತ್ತೊಂಬತ್ತು ಜನ ನನ್ನೆದುರು ಕೂತು ಸುಳ್ಳು ಚಪ್ಪಾಳೆ ತಟ್ಟಿದರು. ಒಬ್ಬನಾದರೂ ಎದ್ದು, ಇದು ನಿಮ್ಮ ಹಳೆಯ ಸೆಟ್ಟೇ ಅಲ್ಲವೇ ಎಂದಿದ್ದರೆ ನಾನು ಅವನನ್ನು ಸೀಳಿಹಾಕುತ್ತಿದ್ದೆ. ಆಮೇಲೆ ಮನೆಗೆ ಬಂದು ಕಪಾಟು ತೆರೆದು, ಗೊತ್ತಾಗಿ, ಏನು ಮಾಡುತ್ತಿದ್ದೆನೋ ತಿಳಿಯದು. ಆ ಕಾರ್ಯದರ್ಶಿಗೆ ಒಂಟೆಗೂ ಕಾಲಾಳಿಗೂ ವ್ಯತ್ಯಾಸ ಗೊತ್ತಿಲ್ಲ, ಆದರೆ ಕೆಮ್ಮಬೇಕಾದಾಗ ಕೆಮ್ಮಿದ.

ಇಲಾಖೆಯ ತಪಾಸಣೆ ಫಾರಂನಲ್ಲಿ ಕಡಿಮೆ ತೂಕಕ್ಕೆ ಒಂದು ಕಾಲಂ ಇತ್ತು, ಸರಿಯಾದ ತೂಕಕ್ಕೆ ಒಂದು. ಕೊಸರಿಗೆ ಕಾಲಂ ಇರಲಿಲ್ಲ. ಅದು ಬೇಕು ಎಂದು ನಾನೂ ಯಾವತ್ತೂ ಬರೆದು ಕಳಿಸಲಿಲ್ಲ.

ಬಣ್ಣದವನನ್ನು ಹುಡುಕಿಕೊಂಡು ಹೋದೆ. ಏಣಿಯ ಮೇಲಿದ್ದ. ಗೋಡೆ ಬಿಳಿಯಾಗಿದೆ ಎಂದೆ. “ಮೊದಲ್ನೇ ಸಲ ಬಳಿದಾಗ್ಲೇ ಆಗಿತ್ತು ಸ್ವಾಮಿ,” ಎಂದು ಮೇಲಿಂದಲೇ ಹೇಳಿದ. ಅಹಂಕಾರಿ. ಆದರೆ ಸರಿಯಾಗಿಯೇ ಹೇಳಿದ.

ಏಪ್ರಿಲ್ ೨೬

ಕೂಟದ ಸಭೆ. ಸೆಟ್ಟು ತೆಗೆದುಕೊಂಡು ಹೋದೆ. ಉಳುಕಿದ ಕೈಯಲ್ಲಿ ಭಾರ ಎತ್ತಬೇಡಿ ಎಂದು ಇವಳ ತಮ್ಮ ಪೆಟ್ಟಿಗೆ ಹೊತ್ತುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತ. ಬರುವ ಮೊದಲು ತಲೆಗೆ ನೀರು ಹಾಕಿಕೊಂಡಿದ್ದ, ಆದರೂ ಕಿವಿಯಲ್ಲಿ ಹೊಟ್ಟು.

ಹಳೆಯ ಚೀಟಿ ಹರಿದು ಹೊಸದನ್ನು ನಿಲ್ಲಿಸಿ, ಅದನ್ನೇ ಓದಿದೆ: ‘ಫ್ರೆಂಚ್. ಬಾಕ್ಸ್‌ವುಡ್. ಮೂವತ್ತೊಂದು ಮೂಲ ಕಾಯಿಗಳು, ಗುರುತಿಸಿದವರು ನನ್ನ ಹೆಂಡತಿ. ಒಂದು ಬಿಳಿ ಒಂಟೆ ಬದಲಿ.’ ಕಳೆದ ತಿಂಗಳು ನಾನು ಹೇಳಿದ್ದು ತಪ್ಪು ಎಂದೆ. ಅಷ್ಟು ಹೇಳುವುದಕ್ಕೆ ಎರಡು ಲೋಟ ನೀರು ಬೇಕಾಯಿತು. ಎಲ್ಲರೂ ನೆಲ ನೋಡುತ್ತಿದ್ದರು.

“ಪ್ರಶ್ನೆಗಳಿವೆಯೇ?”

ಕಾರ್ಯದರ್ಶಿ ಕೆಮ್ಮಿದ. ಇನ್ನೇನು ಕೂರಬೇಕು, ಹಲ್ಲಿನ ಡಾಕ್ಟರ್ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ.

“ಬದಲಿ ಒಂಟೆ ಯಾರು ಮಾಡಿದ್ದು ಸಾರ್? ಚೀಟಿಯಲ್ಲಿಲ್ಲ.”

ಎಲ್ಲರಿಗೂ ಗೊತ್ತಿರುವ ವಿಷಯ. ಇಪ್ಪತ್ತು ವರ್ಷ ಮಂಚದಕಾಲು ಎಂಬ ಹೆಸರಿಟ್ಟುಕೊಂಡು ಅವರನ್ನೆಲ್ಲ ನಗಿಸಿದ್ದೇನೆ. ಹಿಂದಿನ ಸಾಲಿಗೆ ಕೈ ತೋರಿಸಿ, “ಅಲ್ಲಿದ್ದಾನೆ, ನನ್ನ ಭಾವಮೈದ,” ಎಂದೆ. “ಹತ್ತೊಂಬತ್ತು ಜನ ಪಂಡಿತರ ಮುಂದೆ ನಾನು ಅವನ ಕೈಯನ್ನು ಹಳೆಯ ಕುಶಲಕರ್ಮಿಯ ಕೈ ಎಂದೆ. ಅದೊಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.”

ಅವನು ಎದ್ದು ನಿಂತ, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ. ಬೈದರೆ ನಗುವವನು ಹೊಗಳಿದರೆ ಏನು ಮಾಡುತ್ತಾನೆಂದು ಈಗ ಗೊತ್ತಾಯಿತು. ಅಳುತ್ತಾನೆ. ಪೆದ್ದ.

ಏಪ್ರಿಲ್ ೨೭

ಕಪಾಟಿನ ಗಾಜು ಬಿಚ್ಚಿಸಿದೆ, ಒರೆಸುವ ಕೆಲಸ ತಪ್ಪಲಿ ಎಂದು. ಸಂಜೆ ಹಲಗೆ ಹಾಸಿ ಕೂತೆವು. ಇವಳು ಆಟ ಮರೆತಿದ್ದಾಳೆಂದು ನಂಬಿ ಇಪ್ಪತ್ತು ನಡೆಯಲ್ಲಿ ಸೋತೆ.

ಕಾಯಿ ಎತ್ತಿಡುವಾಗ ಒಂದು ಯೋಚನೆ ಬಂತು. ಆ ಬದಲಿ ಒಂಟೆಯ ಬುಡವನ್ನು ನಾನು ಈವರೆಗೆ ಅಳೆದೇ ಇಲ್ಲ. ಬದಲಿಯದು ಎಂದು ಗೊತ್ತಿದ್ದ ಮೇಲೆ ಅಳೆಯುವುದೇನು? ಕ್ಯಾಲಿಪರ್ ತಂದೆ. ಗೀಟುಗಳು ಸವೆದಿಲ್ಲ, ಒಂದೊಂದೂ ಕೂದಲಿನಷ್ಟು ಸ್ಪಷ್ಟವಾಗಿ ಕಾಣುತ್ತವೆ. ಆದರೂ ಅವಳ ಕೈಗೆ ಕೊಟ್ಟೆ.

“ಇಪ್ಪತ್ತೆಂಟು ಪಾಯಿಂಟ್ ನಾಲ್ಕು,” ಅಂದಳು. ಅಡ್ಡ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು. “ಇಪ್ಪತ್ತೆಂಟು ಪಾಯಿಂಟ್ ಒಂದು.”

ಮೂವತ್ತು ವರ್ಷದಲ್ಲಿ ಅದೂ ಉಳಿದವುಗಳ ಹಾಗೆ ಮೊಟ್ಟೆಯಾಕಾರಕ್ಕೆ ತಿರುಗಲು ಶುರುಮಾಡಿದೆ. ಇನ್ನೊಮ್ಮೆ ಓದಲೇ ಎಂದು ಅವಳು ಕೇಳಿದಳು. ಬೇಡ ಎಂದೆ, ಅವಳು ಓದಿದ್ದನ್ನೇ ಚೀಟಿಯ ಮೇಲೆ ಬರೆದುಕೊಂಡೆ.